ಐದು ಡಬ್ಬಿಯ ಯಜಮಾನರು

"ಒಂದು ಫೋನಿಗೆ ಐದು ಜಿಮೇಲ್ ಯಾಕೆ ಮಾವ?"

"ಬ್ಯಾಂಕಿಗೊಂದು, ಪಿಂಚಣಿಗೊಂದು, ಮಗಳ ಸಂಬಂಧಕ್ಕೊಂದು, ಆಫರ್‌ಗಳಿಗೊಂದು."

"ಐದನೆಯದು?"

"ಆ ನಾಲ್ಕರ ಪಾಸ್‌ವರ್ಡ್ ಮರೆತರೆ ರಿಕವರಿಗೆ."

"ಅದರದೇ ಮರೆತರೆ?"

"ಕೋಡು ಒಂದನೆಯದಕ್ಕೆ ಬರುತ್ತೆ."

(ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕುವ ವಂಶ ನಮ್ಮದು.)

"ಆರನೆಯದೂ ಮಾಡಿದ್ದೆ ಕಣೋ, ಹೆಸರಿನ ಮಧ್ಯೆ ಒಂದು ಚುಕ್ಕಿ ಇಟ್ಟು."

"ಜಿಮೇಲ್ ಚುಕ್ಕಿಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಚುಕ್ಕಿ ಇಟ್ಟರೂ ಅದೇ ಡಬ್ಬಿ."

"ಹಾಗಾದರೆ ಜಾಗ?"

"ಮೇಲ್, ಫೋಟೊ, ಡ್ರೈವ್ ಮೂರೂ ಸೇರಿ 15 ಜಿಬಿ. ನಿಮ್ಮ ಶುಭೋದಯದ ಗುಲಾಬಿಗಳಿಗೇ ಸಾಲಲ್ಲ. ಇನ್ನು 2 ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಲೂಬಹುದು."

"ಅದಕ್ಕೇ ಯುಗಾದಿಗೊಮ್ಮೆ ಐದಕ್ಕೂ ಲಾಗಿನ್ ಆಗಿ ದೀಪ ಹಚ್ಚಿ ಬರ್ತೀನಿ."

"ಕಳಿಸುವಾಗ ಮೇಲ್ಗಡೆ 'ಫ್ರಮ್' ನೋಡ್ತೀರಾ? ಯಾವ ಖಾತೆಯಿಂದ ಹೋಗ್ತಿದೆ ಅಂತ ಅಲ್ಲೇ ಇರುತ್ತೆ."

ಮಾವ ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು.

"ಮಗಳ ಜಾತಕ ಆಫರ್ ಖಾತೆಯಿಂದ ಹೋಯ್ತು."

"ಗಂಡಿನ ಕಡೆಯವರು ಏನಂದ್ರು?"

"ಡಿಸ್ಕೌಂಟ್ ಎಲ್ಲಿಯವರೆಗೆ ಅಂತ ಕೇಳಿದ್ದಾರೆ."