ಬ್ಯಾಂಕ್ಸ್ ಸಾಹೇಬನ ಸೊಪ್ಪುಸದೆ

ದುಡ್ಡಿದ್ದವರ ಮನೆಯ ಹುಡುಗರು ಏನಾದರೊಂದು ಹುಚ್ಚು ಹಚ್ಚಿಕೊಳ್ಳುವುದು ಎಲ್ಲ ದೇಶಗಳಲ್ಲೂ ಉಂಟು. ಇಂಗ್ಲೆಂಡಿನ ಜೋಸೆಫ್ ಬ್ಯಾಂಕ್ಸನಿಗೆ ಹತ್ತಿದ್ದು ಗಿಡದ ಹುಚ್ಚು. 1768ರ ಆಗಸ್ಟಿನಲ್ಲಿ ನಾವಿಕ ಕುಕ್‌ನ ಎಂಡೆವರ್ ಹಡಗು ಹೊರಟಾಗ ಅವನಿಗೆ 25 ವರ್ಷ. ಶುಕ್ರಗ್ರಹ ಸೂರ್ಯನ ಮುಂದೆ ಹಾಯುವುದನ್ನು ಟಹೀಟಿಯಿಂದ ನೋಡಿ ಬರುವುದು ಸರ್ಕಾರಿ ಕೆಲಸ. ಗಿಡ ಕಿತ್ತು ತರುವುದು ಬ್ಯಾಂಕ್ಸನ ಸ್ವಂತ ಖರ್ಚಿನ ಬಾಬತ್ತು. ಸಸ್ಯಜ್ಞ ಲಿನೇಯಸ್‌ನ ಶಿಷ್ಯ ಸೋಲಾಂಡರ್, ಸಹಾಯಕ ಸ್ಪೋರಿಂಗ್, ಇಬ್ಬರು ಚಿತ್ರಕಾರರು, ನಾಲ್ವರು ಆಳುಗಳು, ಎರಡು ನಾಯಿ, ಇಷ್ಟು ಅವನ ಪರಿವಾರ. ಕುಕ್ ಆ ಇಕ್ಕಟ್ಟಿನ ಹಡಗಿನಲ್ಲಿ ಇವರನ್ನೆಲ್ಲ ಹೇಗೆ ಸಹಿಸಿಕೊಂಡನೋ!

ಮೊದಲ ವಿಘ್ನ ಎದುರಾದದ್ದು ರಿಯೋ ಡಿ ಜನೈರೋದಲ್ಲಿ. ಶುಕ್ರನನ್ನು ನೋಡಲು ಇಷ್ಟು ದೂರ ಹೊರಟಿದ್ದೇವೆಂದರೆ ಅಲ್ಲಿನ ಪೋರ್ಚುಗೀಸ್ ವೈಸರಾಯ್ ನಂಬಲಿಲ್ಲ. ಆ ಮಾತನ್ನು ನಾನಾದರೂ ನಂಬುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ. ದಡಕ್ಕೆ ಇಳಿಯಕೂಡದೆಂದು ಕಾವಲು ಬಿತ್ತು. ಕಣ್ಣೆದುರಿಗೆ ಬ್ರೆಜಿಲ್ಲಿನ ಹಸಿರು, ಕಾಲಿಡಲು ಅಪ್ಪಣೆಯಿಲ್ಲ. ಬ್ಯಾಂಕ್ಸ್, ಸೋಲಾಂಡರ್ ಪಂಡಿತರಿಬ್ಬರೂ ಹಡಗಿನ ಕುರಿ-ಆಡುಗಳಿಗೆಂದು ತಂದ ಮೇವಿನಲ್ಲೇ ಗಿಡ ಹುಡುಕತೊಡಗಿದರು. ಹಡಗಿನಲ್ಲಿದ್ದ ಒಂದು ಆಡು ಇದಕ್ಕೆ ಮೊದಲೇ ಬೇರೊಂದು ಹಡಗಿನಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬಂದಿತ್ತು. ಅಂಥ ಅನುಭವಸ್ಥ ಆಡಿನ ಬಾಯಿಯಿಂದ ಸೊಪ್ಪು ಕಸಿದು ವಿಜ್ಞಾನ ಬೆಳೆಯಿತು. ಕೊನೆಗೊಂದು ದಿನ ಬ್ಯಾಂಕ್ಸ್ ಕಾವಲಿನವರ ಕಣ್ಣು ತಪ್ಪಿಸಿ ದಡಕ್ಕೂ ಹೋಗಿ ಬಂದ.

ಹಿಂದಿನ ವರ್ಷವಷ್ಟೇ ಅದೇ ಊರಿಗೆ ಕೊಮರ್ಸನ್ ಎಂಬ ಫ್ರೆಂಚ್ ಸಸ್ಯಜ್ಞ ಬಂದಿದ್ದ. ಅವನ ಹೊರೆ ಹೊರುತ್ತಿದ್ದ ಆಳು ಅಸಲಿಗೆ ಗಂಡು ವೇಷದ ಹೆಣ್ಣು, ಜೀನ್ ಬಾರೆ. ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲ. ಅಲ್ಲಿ ಅವರಿಗೆ ಸಿಕ್ಕ ಬಳ್ಳಿಗೆ ಹಡಗಿನ ನಾಯಕ ಬೂಗನ್‌ವಿಲ್‌ನ ಹೆಸರಾಯಿತು. ಬೆಂಗಳೂರಿನ ಕಾಂಪೌಂಡುಗಳ ಮೇಲೆ ಇಂದು ಹಬ್ಬಿರುವುದು ಅದೇ ಬೋಗನ್‌ವಿಲ್ಲಾ. ಹೊತ್ತವಳ ಹೆಸರು ಒಂದು ಗಿಡಕ್ಕೆ ಗಟ್ಟಿಯಾಗಿ ನಿಲ್ಲಲು 2012ರವರೆಗೆ ಕಾಯಬೇಕಾಯಿತು. ಅದೂ ಬದನೆಯ ಕುಲದ ಒಂದು ಬಳ್ಳಿಗೆ.

ಗಿಡ ಕೀಳುವುದೇನು ಮಹಾ, ಆಡೂ ಕೀಳುತ್ತದೆ. ಕಷ್ಟವಿರುವುದು ಒಣಗಿಸುವುದರಲ್ಲಿ. ಕಾಗದದ ನಡುವೆ ಎಲೆ, ಹೂವು ಮಡಿಚಿಕೊಳ್ಳದಂತೆ ಹರಡಿ, ಒತ್ತಿಟ್ಟು, ತೇವ ಹೀರಿದ ಕಾಗದವನ್ನು ಮತ್ತೆ ಮತ್ತೆ ಬದಲಿಸಬೇಕು. ಮರೆತರೆ ಬೂಷ್ಟು. ಸಮುದ್ರದ ಗಾಳಿಯಲ್ಲಂತೂ ಹಪ್ಪಳವೇ ಒಣಗದು. ಬ್ಯಾಂಕ್ಸ್ ಇದಕ್ಕೆಂದು ಕೊಂಡೊಯ್ದಿದ್ದ ಕಾಗದದಲ್ಲಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯಕ್ಕೆ ಅಡಿಸನ್ ಬರೆದ ವಿಮರ್ಶೆಯ ಹೊಲಿಯದ ಹಾಳೆಗಳೂ ಇದ್ದವು. ವಿಮರ್ಶೆಯಿಂದ ಲೋಕಕ್ಕೆ ಇಷ್ಟು ನೇರವಾದ ಉಪಕಾರ ಆಗಿದ್ದು ನನಗೆ ತಿಳಿದಂತೆ ಇದೊಂದೇ ಸಲ. ನನ್ನ ಪ್ರಬಂಧಗಳು ಕಡಲೆಕಾಯಿ ಪೊಟ್ಟಣವಾದಾಗ ಈ ಸಂಗತಿ ನೆನೆದು ಸಮಾಧಾನಪಟ್ಟುಕೊಳ್ಳುತ್ತೇನೆ.

ಟಹೀಟಿಯಲ್ಲಿ ಚಿತ್ರಕಾರ ಪಾರ್ಕಿನ್ಸನ್ ಬಣ್ಣ ಹಚ್ಚುತ್ತಿದ್ದಂತೆ ನೊಣಗಳು ಬಣ್ಣವನ್ನೇ ನೆಕ್ಕಿಬಿಡುತ್ತಿದ್ದವು. ಕುರ್ಚಿ, ಮೇಜು, ಚಿತ್ರಕಾರ ಎಲ್ಲವನ್ನೂ ಸೊಳ್ಳೆಪರದೆಯೊಳಗೆ ಕೂಡಿಸಿದರೂ ಉಪದ್ರವ ತಪ್ಪಲಿಲ್ಲ. 1770ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಒಂದು ಕೊಲ್ಲಿಯಲ್ಲಿ ಗಿಡಗಳು ಎಷ್ಟು ಸಿಕ್ಕಿದವೆಂದರೆ, ಬ್ಯಾಂಕ್ಸ್ ಕಾಗದದ ಕಂತೆಗಳನ್ನೆಲ್ಲ ದಡಕ್ಕೆ ಸಾಗಿಸಿ ಹಡಗಿನ ಹಾಯಿಯ ಮೇಲೆ ಬಿಸಿಲಿಗೆ ಹರವಿ, ಇಡೀ ದಿನ ಕೂತು ಮಗುಚಿದ. ಪಾರ್ಕಿನ್ಸನ್ 14 ದಿನದಲ್ಲಿ 94 ಚಿತ್ರ ಬರೆದ. ಆ ಕೊಲ್ಲಿಗೆ ಬಾಟನಿ ಬೇ ಎಂದೇ ಹೆಸರಾಯಿತು. ಮುಂದಿನ ತಿಂಗಳು ಹಡಗು ಹವಳದ ದಿಬ್ಬಕ್ಕೆ ಬಡಿಯಿತು. ರಿಪೇರಿಗೆಂದು ದಡಕ್ಕೆಳೆದಾಗ ಹಡಗು ಹಿಂದಕ್ಕೆ ವಾಲಿ, ಒಳಗಿದ್ದ ನೀರೆಲ್ಲ ಗಿಡಗಳನ್ನಿಟ್ಟಿದ್ದ ರೊಟ್ಟಿಯ ಕೋಣೆಗೆ ನುಗ್ಗಿತು. ಮತ್ತೆ ಹರವು, ಮತ್ತೆ ಒಣಗಿಸು.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಟಿಯೆರಾ ಡೆಲ್ ಫ್ಯೂಗೋದ ಬೆಟ್ಟದಲ್ಲಿ ಗಿಡ ಹುಡುಕಲು ಹೋದ ರಾತ್ರಿ ರಿಚ್ಮಂಡ್, ಡಾರ್ಲ್ಟನ್ ಎಂಬ ಇಬ್ಬರು ಕರಿಯ ಆಳುಗಳು ಹಿಮದಲ್ಲಿ ಸತ್ತರು. ಪಾರ್ಕಿನ್ಸನ್, ಸ್ಪೋರಿಂಗ್ ಇಬ್ಬರೂ ಬಟೇವಿಯಾ (ಇಂದಿನ ಜಕಾರ್ತಾ) ದಾಟಿದ ಮೇಲೆ ರೋಗಕ್ಕೆ ಬಲಿಯಾದರು. ಬ್ಯಾಂಕ್ಸನೂ ಸೇರಿ ಹೊರಟ 9 ಮಂದಿಯಲ್ಲಿ ಮನೆ ಮುಟ್ಟಿದವರು 4. ಗಿಡಗಳು ಮಾತ್ರ ಬಂದವು, 30 ಸಾವಿರಕ್ಕೂ ಮಿಕ್ಕಿ.

ಇವನ್ನು ನೋಡಲು ಹಂಬಲಿಸುತ್ತಿದ್ದ ಮುದುಕ ಲಿನೇಯಸ್‌ನಿಗೆ ಒಂದೇ ಭಯ: ಈ ಹುಡುಗರು ಇನ್ನೊಂದು ಯಾತ್ರೆಗೆ ಹೊರಟುಬಿಟ್ಟರೆ ಗಿಡಗಳೆಲ್ಲ ಹುಳುವಿನ ಪಾಲು. ಗಿಡಗಳು ಹುಳು ತಿನ್ನದೆ ಉಳಿದವು. ಅವುಗಳ ಬಗೆಗಿನ ಪುಸ್ತಕ ಮಾತ್ರ ಬರಲಿಲ್ಲ. ಚಿತ್ರಗಳ ಮುದ್ರಣಕ್ಕೆಂದು ಬ್ಯಾಂಕ್ಸ್ 743 ತಾಮ್ರದ ತಗಡುಗಳನ್ನು ಕೊರೆಸಿದ, ಸೋಲಾಂಡರ್ ವಿವರಣೆ ಬರೆದ. 1782ರಲ್ಲಿ ಸೋಲಾಂಡರ್ ತೀರಿಕೊಂಡ. ಕೆಲಸ ಅಲ್ಲಿಗೇ ನಿಂತಿತು. ಬ್ಯಾಂಕ್ಸ್ 41 ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಮಾಡಿದ, ಲಂಡನ್ನಿನ ಕ್ಯೂ ಸಸ್ಯೋದ್ಯಾನ ಬೆಳೆಸಿದ, 1820ರಲ್ಲಿ ಕಣ್ಮುಚ್ಚಿದ. ‘ಮುಂದಿನ ವಾರ ಖಂಡಿತ’ ಎಂದು ಸಂಪಾದಕರಿಗೆ ಹೇಳುವ ನಮ್ಮಂಥವರಿಗೆ ಅವನಿಗಿಂತ ದೊಡ್ಡ ಆಸರೆ ಇಲ್ಲ. ಆ ತಗಡುಗಳಿಂದ ಬಣ್ಣದ ಮುದ್ರಣ ಶುರುವಾದದ್ದು 1980ರಲ್ಲಿ, ಮುಗಿದದ್ದು 1990ರಲ್ಲಿ.

ಅಷ್ಟು ಕಾಲ ಕಾದರೂ ಆ ಒಣಗಿದ ಗಿಡಗಳು ಬೆಲೆ ಕಳೆದುಕೊಳ್ಳದಿದ್ದುದಕ್ಕೆ ಕಾರಣ, ಯಾವುದು ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಸಂಶೋಧಕರು ಅವನ್ನು ತೆಗೆದು ನೋಡುತ್ತಾರೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಪುಸ್ತಕದ ನಡುವೆ ಎಲೆ ಇಡುವ ಅಭ್ಯಾಸ ನಿಮಗಿದ್ದರೆ, ಪಕ್ಕದಲ್ಲಿ ಊರು, ತಾರೀಕು ಬರೆದ ಒಂದು ಚೀಟಿಯನ್ನೂ ಇಡಿ.