ಪೆಂಗ್ವಿನ್ ಪಕ್ಷದ ಸೀನಣ್ಣ

ದೊಡ್ಡಪ್ಪನ ಮಗ ಸೀನಣ್ಣನ ಲ್ಯಾಪ್‌ಟಾಪ್ ಯಾವ ಕಂಪನಿಯದು ಎಂದು ನಮ್ಮ ಬಳಗದಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರಿದ್ದ ಜಾಗದಲ್ಲಿ ಒಂದು ಪೆಂಗ್ವಿನ್ ಕೂತಿದೆ. ಪಕ್ಕದಲ್ಲಿ ಕೊಂಬು, ಗಡ್ಡ ಎರಡೂ ಇರುವ ಒಂದು ಪ್ರಾಣಿ, ಕೆಳಗೊಂದು ಕೆಂಪು ಸುಳಿ, ಮಿಕ್ಕ ಜಾಗದಲ್ಲೆಲ್ಲ ಯಾವಯಾವುದೋ ಸಮ್ಮೇಳನದ ಸ್ಟಿಕ್ಕರು. ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುವಾಗಲೂ ಅದನ್ನು ತೆರೆದು ಕೂರುತ್ತಾನೆ. ಕಪ್ಪು ಪರದೆ, ಹಸಿರು ಅಕ್ಷರ, ಸರಸರ ಮೇಲಕ್ಕೋಡುವ ಸಾಲುಗಳು. ಬೆನ್ನ ಹಿಂದೆ ನಿಂತ ಹುಡುಗರು ಇವನು ಯಾವುದೋ ಬ್ಯಾಂಕಿಗೆ ಕನ್ನ ಹಾಕುತ್ತಿದ್ದಾನೆಂದು ಉಸಿರು ಬಿಗಿಹಿಡಿದು ನೋಡುತ್ತಾರೆ. ಪಾಪ, ಅವನು ಮಾಡುತ್ತಿರುವುದು ಅಪ್‌ಡೇಟ್.

ಇಂಥ ಸೀನಣ್ಣಂದಿರು ಬೆಂಗಳೂರಿನಲ್ಲಿ ರಸ್ತೆಗೊಬ್ಬರು ಸಿಗುತ್ತಾರೆ. ಹೆಚ್ಚಿನವರಿಗೆ ಈ ಲಿನಕ್ಸ್ ಗೀಳು ಹಿಡಿದದ್ದು ಕಾಲೇಜಿನಲ್ಲಿ. 2004ರಲ್ಲಿ ಉಬುಂಟು ಎಂಬ ಲಿನಕ್ಸ್ ಬಂದಾಗ ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು. ಸೀನಣ್ಣ ಒಂದು ಕಟ್ಟು ತರಿಸಿ ಊರಿನ ನೆಂಟರಿಗೆಲ್ಲ ಹಂಚಿದ. ಅಜ್ಜಿ ಅದಕ್ಕೆ ದಾರ ಕಟ್ಟಿ, ಹಕ್ಕಿ ಬೆದರಲೆಂದು ಹಿತ್ತಲಿನ ಸೀಬೆ ಗಿಡಕ್ಕೆ ತೂಗುಬಿಟ್ಟರು. ನಮ್ಮ ವಂಶಕ್ಕೆ ಲಿನಕ್ಸ್‌ನಿಂದ ಆದ ಮೊದಲ ಉಪಕಾರ ಅದು.

ಹಗಲು ಹೊತ್ತಿನಲ್ಲಿ ಸೀನಣ್ಣನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ. ಆಟೋದವನು ಮೀಟರಿನ ಮೇಲೆ ಇಪ್ಪತ್ತು ಕೇಳಿದರೆ ಮೂವತ್ತು ಕೊಟ್ಟು ಇಳಿಯುತ್ತಾನೆ. ರಾತ್ರಿ ಮೊಸರನ್ನ ಉಂಡು, ಅತ್ತಿಗೆ ಮಲಗಿದ ಮೇಲೆ, ಆನ್‌ಲೈನ್ ಕಂಪ್ಯೂಟರ್ ಗುಂಪು ತೆರೆದು ಕೀಬೋರ್ಡಿನ ಮುಂದೆ ಕೂತಾಗ ಮಾತ್ರ ಮೈಮೇಲೆ ಏನೋ ಬರುತ್ತದೆ. ಎದುರಾಳಿ ಯಾರು, ಎಲ್ಲಿಯವನು, ಏನು ಓದಿದವನು ಒಂದೂ ಗೊತ್ತಿಲ್ಲ. ಅವನು ವಿಂಡೋಸ್‌ನವನು ಎಂಬುದಷ್ಟೇ ಸಾಕು. ಅಥವಾ ಮ್ಯಾಕ್‌ನವನು. ಇಬ್ಬರೂ ಸಿಕ್ಕದ ರಾತ್ರಿ ಲಿನಕ್ಸ್‌ನವನೇ ಆದರೂ ನಡೆಯುತ್ತದೆ.

ನಡೆಯುತ್ತದೆ ಏನು ಬಂತು, ಅದೇ ಹೆಚ್ಚು ಜೋರು. ಈ ಪಂಥದೊಳಗಿನ ಮಡಿ ಮೈಲಿಗೆ ನಮ್ಮ ಯಾವ ಮಠದಲ್ಲೂ ಕಂಡದ್ದಿಲ್ಲ. ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಮಡಿ. ಕಂಪನಿ ಬಚ್ಚಿಟ್ಟುಕೊಂಡದ್ದು ಮೈಲಿಗೆ. ಆದರೆ ಕಂಪನಿಯ ಆ ಮುಚ್ಚಿದ ಡಬ್ಬಿಯನ್ನು ಸೇರಿಸದಿದ್ದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಏಳುವುದೇ ಇಲ್ಲ. ವರ್ಷಗಟ್ಟಲೆ ಕಟ್ಟುನಿಟ್ಟಾಗಿದ್ದ ಲಿನಕ್ಸ್ ಬಳಗ ಡೆಬಿಯನ್‌ನವರೇ ಕೊನೆಗೆ 2022ರಲ್ಲಿ ಮತಕ್ಕೆ ಹಾಕಿ, ಅಂಥ ಡಬ್ಬಿಗಳನ್ನು ತಮ್ಮ ಅಧಿಕೃತ ಇನ್‌ಸ್ಟಾಲರ್‌ನೊಳಗೆ ಬಿಟ್ಟುಕೊಂಡರು. ಅಡುಗೆಮನೆಗೆ ಬೆಳ್ಳುಳ್ಳಿ ಬಂದ ಆ ವಾರ ಸೀನಣ್ಣ ಸರಿಯಾಗಿ ನಿದ್ದೆ ಮಾಡಲಿಲ್ಲ. ಅವನ ವೈಫೈ ಮಾತ್ರ ಅಂದಿನಿಂದ ತಂಟೆಯಿಲ್ಲದೆ ನಡೆಯುತ್ತಿದೆ. ಅದನ್ನು ಹೊರಗೆ ಹೇಳುವುದಿಲ್ಲ.

ಎದುರು ಪಕ್ಷದವರ ವಿಷಯವನ್ನೂ ಹೇಳಬೇಕು. ಸೇಬಿನ ಪಕ್ಷದವನದು ಮಾತು ಕಡಮೆ. 'ನನ್ನದು ಸುಮ್ಮನೆ ಕೆಲಸ ಮಾಡುತ್ತಪ್ಪ' ಎಂದು ಒಂದು ಸಾಲು ಬಿಟ್ಟು, ಮಿಕ್ಕವರು ಉರಿದುಕೊಳ್ಳುವುದನ್ನು ನೋಡುತ್ತಾ ಕೂರುತ್ತಾನೆ. ಅವನ ಇ.ಎಮ್.ಐ. ಇನ್ನೂ ತೀರಿರುವುದಿಲ್ಲ; ಕಂತು ಕಟ್ಟುತ್ತಿರುವ ಮಾಲನ್ನು ಕೆಟ್ಟದೆಂದು ಒಪ್ಪುವ ಧೈರ್ಯ ಯಾರಿಗಿದೆ? ಕಿಟಕಿ ಪಕ್ಷದವನಲ್ಲಿ ಎರಡು ಜಾತಿ. ಒಬ್ಬ ಗೇಮ್ ಆಡುವವನು, ಅವನು ನಿಜವಾದ ಭಕ್ತ. ಇನ್ನೊಬ್ಬನಿಗೆ ಆಫೀಸಿನವರು ಅದನ್ನೇ ಕೊಟ್ಟಿದ್ದಾರೆ. ತಾನೊಂದು ಪಕ್ಷಕ್ಕೆ ಸೇರಿದವನು ಎಂಬುದೇ ಸೀನಣ್ಣ ಬೈದ ಮೇಲೆ ಅವನಿಗೆ ಗೊತ್ತಾಯಿತು. ನಾನು ಗಮನಿಸಿದಂತೆ ಜಗಳದ ಕಾವು ಯಂತ್ರದ ಗುಣವನ್ನು ಅವಲಂಬಿಸಿಲ್ಲ. ಅದಕ್ಕಾಗಿ ಎಷ್ಟು ದುಡ್ಡು ಅಥವಾ ಎಷ್ಟು ಭಾನುವಾರ ಕಳೆದುಕೊಂಡಿದ್ದೇವೆ ಎಂಬುದನ್ನು ಅವಲಂಬಿಸಿದೆ. ಸೀನಣ್ಣನ ಭಾನುವಾರಗಳ ಲೆಕ್ಕ ಅತ್ತಿಗೆಯ ಹತ್ತಿರ ಇದೆ.

ಒಮ್ಮೆ ಆ ಗುಂಪಿನಲ್ಲಿ ತಿಪಟೂರಿನ ಕಡೆಯ ಒಬ್ಬ ಮೇಷ್ಟ್ರು ರಾತ್ರಿ ಒಂಬತ್ತಕ್ಕೆ ವಿನಯದಿಂದ ಕೇಳಿದರು: 'ನಾಳೆ ಮಗಳ ಸಿ.ಇ.ಟಿ., ಹಾಲ್ ಟಿಕೆಟ್ ಒಂದು ಪುಟ ಪ್ರಿಂಟ್ ಆಗಬೇಕು, ಪ್ರಿಂಟರ್ ಆಫ್‌ಲೈನ್ ಅಂತ ತೋರಿಸ್ತಿದೆ, ಯಾರಾದರೂ ದಯವಿಟ್ಟು ತಿಳಿಸಿ.'

ಸೀನಣ್ಣ ಮೊದಲಿಗೆ ಕೇಳಿದ: 'ಯಾವ ಓ.ಎಸ್. ಸರ್?'

'ವಿಂಡೋಸ್.'

'ಅಲ್ಲೇ ಇದೆ ನೋಡಿ ನಿಮ್ಮ ತೊಂದರೆ.'

ಅಲ್ಲಿಂದ ಮುಂದೆ ಮೇಷ್ಟ್ರನ್ನು ಯಾರೂ ಮಾತಾಡಿಸಲಿಲ್ಲ. ಸೀನಣ್ಣ 2021ರ ಪ್ರಸಂಗ ತೆಗೆದ. ವಿಂಡೋಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳುವ ಭಾಗದಲ್ಲೇ ದೊಡ್ಡ ಬಿರುಕು ಬಿಟ್ಟಿತ್ತು, ಅದಕ್ಕೆ ಲೋಕವೇ 'ಪ್ರಿಂಟ್‌ನೈಟ್‌ಮೇರ್' ಎಂದು ನಾಮಕರಣ ಮಾಡಿತ್ತು. ಕಿಟಕಿ ಪಕ್ಷದವನು 2024ರ ಸೆಪ್ಟೆಂಬರ್ ತೆಗೆದ. ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ 'ಕಪ್ಸ್'ನಲ್ಲೂ ಹಾಗೆಯೇ ತೂತುಗಳು ಸಿಕ್ಕಿದ್ದವು. ಸೇಬಿನವನು ತನ್ನ ಒಂದೇ ಸಾಲು ಬಿಟ್ಟ. 'ನಿಮ್ಮದೇನು ದೊಡ್ಡಸ್ತಿಕೆ, ಮ್ಯಾಕ್‌ನಲ್ಲಿ ಪ್ರಿಂಟ್ ಮಾಡೋದೂ ನಮ್ಮ ಕಪ್ಸೇ' ಎಂದು ಸೀನಣ್ಣ ಗುಡುಗಿದ. 'ನಿಮ್ಮದು ಅಂದ್ರೆ? 2007ರಲ್ಲೇ ಆಪಲ್ ಅದನ್ನ ಕೊಂಡುಕೊಂಡಿದೆ' ಎಂದು ಸೇಬಿನವನು ಮೊದಲ ಸಲ ಎರಡನೆಯ ಸಾಲು ಬರೆದ. ಇಬ್ಬರ ಮಾತೂ ನಿಜ. ಇಬ್ಬರೂ ಒಂದೇ ತಂತ್ರಾಂಶದಿಂದ ಪ್ರಿಂಟ್ ತೆಗೆಯುತ್ತಾ ವರ್ಷಾನುಗಟ್ಟಲೆ ಪರಸ್ಪರರ ಪ್ರಿಂಟರನ್ನು ಬೈದುಕೊಂಡು ಬಂದಿದ್ದರು.

ರಾತ್ರಿ ಹನ್ನೊಂದರ ಹೊತ್ತಿಗೆ ಮಾತು ಇತಿಹಾಸಕ್ಕೆ ಹೊರಳಿತು. ಸೀನಣ್ಣ ರಿಚರ್ಡ್ ಸ್ಟಾಲ್‌ಮನ್‌ರ ಕಥೆ ಎತ್ತಿದ. 1980ರ ಆಸುಪಾಸಿನಲ್ಲಿ ಎಂ.ಐ.ಟಿ.ಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಅದರಲ್ಲಿ ಪದೇ ಪದೇ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ತಂತ್ರಾಂಶ ತಿದ್ದೋಣವೆಂದು ಸ್ಟಾಲ್‌ಮನ್ ಹೊರಟರೆ ಮೂಲ ಸಂಕೇತ ಕೊಡಲಿಲ್ಲ. ಆ ಸಿಟ್ಟು ಅವರಲ್ಲಿ ಹಾಗೇ ಕೂತಿತು. 1983ರಲ್ಲಿ ಅವರು ಗ್ನು ಯೋಜನೆ ಘೋಷಿಸಿದರು. (ಲಿನಕ್ಸ್‌ನೊಳಗೆ ಗ್ನುವಿನ ಪಾಲೂ ಇದೆ, ಅದಕ್ಕೇ ಸೀನಣ್ಣನ ಎದುರು ಬರೀ 'ಲಿನಕ್ಸ್' ಎನ್ನುವಂತಿಲ್ಲ, 'ಗ್ನು/ಲಿನಕ್ಸ್' ಎನ್ನಬೇಕು. ಈ ಲೇಖನ ಅವನ ಕಣ್ಣಿಗೆ ಬಿದ್ದರೆ ನನಗಿದೆ.) ಸೇಬಿನವನು ಸುಮ್ಮನಿರದೆ ಕಿಟಕಿ, ಮೌಸು ಎಲ್ಲವನ್ನೂ ಮೈಕ್ರೋಸಾಫ್ಟ್ ತಮ್ಮಿಂದ ಕದ್ದದ್ದೆಂದು ಹೇಳಿದ. 1979ರಲ್ಲಿ ಸ್ಟೀವ್ ಜಾಬ್ಸ್ ಝೆರಾಕ್ಸ್‌ನವರ ಪಾಲೋ ಆಲ್ಟೋ ಸಂಶೋಧನಾ ಕೇಂದ್ರಕ್ಕೆ ಹೋಗಿ ಅದನ್ನೆಲ್ಲ ಕಣ್ಣಾರೆ ನೋಡಿ ಬಂದದ್ದನ್ನು ಕಿಟಕಿಯವನು ನೆನಪಿಸಿದ. 1988ರಲ್ಲಿ ಆಪಲ್ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿದ್ದು, ಮರುವರ್ಷ ಝೆರಾಕ್ಸ್ ಬಂದು ಆಪಲ್ ಮೇಲೆಯೇ ದಾವೆ ಹೂಡಿದ್ದು, ಎರಡೂ ಕೋರ್ಟಿನಲ್ಲಿ ನಿಲ್ಲದೆ ಹೋದದ್ದು, ಎಲ್ಲ ಬಂದು ಹೋಯಿತು.

ಈ ನಡುವೆ ಎಲ್ಲೋ ಮೇಷ್ಟ್ರ ಒಂದು ಸಂದೇಶ ಬಿದ್ದಿತ್ತು: 'ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ತೆಗೆದಿತ್ತು. ಹತ್ತು ರೂಪಾಯಿ ತಗೊಂಡ್ರು. ಎಲ್ಲರಿಗೂ ಧನ್ಯವಾದ.'

ಅದನ್ನು ಯಾರೂ ನೋಡಲಿಲ್ಲ.

ಈ ವ್ಯಾಜ್ಯಕ್ಕೆ ದೊಡ್ಡ ಮನೆತನವೇ ಇದೆ, ಸೀನಣ್ಣನನ್ನು ಒಬ್ಬನನ್ನೇ ದೂರಿ ಫಲವಿಲ್ಲ. ಲಿನಕ್ಸ್ ಹುಟ್ಟಿ ಅರ್ಧ ವರ್ಷವೂ ಆಗಿರಲಿಲ್ಲ. 1992ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಅದು ಹಳೇ ಕಾಲದ ಕಟ್ಟಡವೆಂದು ಸಾರ್ವಜನಿಕವಾಗಿ ತೀರ್ಪು ಕೊಟ್ಟರು. ಹೆಲ್ಸಿಂಕಿಯ 22 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಿರುಗಿ ಬಿದ್ದ. ನೀನು ನನ್ನ ಶಿಷ್ಯನಾಗಿದ್ದರೆ ಒಳ್ಳೆ ಅಂಕ ಸಿಗುತ್ತಿರಲಿಲ್ಲ ಎಂಬ ಅರ್ಥದ ಮಾತೂ ಮೇಷ್ಟ್ರ ಕಡೆಯಿಂದ ಬಂತು. ಇವತ್ತು ಲೋಕದ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೇನೂ ಇಲ್ಲ ಎಂಬುದು ಸೀನಣ್ಣನ ಬತ್ತಳಿಕೆಯ ಬ್ರಹ್ಮಾಸ್ತ್ರ. ಆದರೆ ಅದೇ 2017ರಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ಇಂಟೆಲ್ ತನ್ನ ಈಚಿನ ಚಿಪ್‌ಗಳ ಒಳಗೆ ಗುಟ್ಟಾಗಿ ಓಡಿಸುತ್ತಿದ್ದದ್ದು ಟ್ಯಾನೆನ್‌ಬಾಮ್‌ರ ಮಿನಿಕ್ಸ್ ಎಂಬ ಓ.ಎಸ್. ಅಂದರೆ ಸೀನಣ್ಣನ ಪೆಂಗ್ವಿನ್ ಕೂತಿರುವ ನೆಲದ ಅಡಿಯಲ್ಲೇ ಮೇಷ್ಟ್ರು ಬಂದು ನೆಲೆಸಿದ್ದಾರೆ. ಈ ವಿಷಯ ಎತ್ತಿದರೆ ಅವನು ಊಟದ ಎಲೆ ಮಡಿಸಿ ಏಳುತ್ತಾನೆ.

ಭಕ್ತರು ಹೀಗೆ ಹೊಡೆದಾಡುತ್ತಿದ್ದರೆ ಒಡೆಯರು ಯಾವಾಗಲೋ ರಾಜಿಯಾಗಿದ್ದಾರೆ. 1997ರಲ್ಲಿ ಆಪಲ್ ಮುಳುಗುವ ಸ್ಥಿತಿಯಲ್ಲಿದ್ದಾಗ ಅದರಲ್ಲಿ 15 ಕೋಟಿ ಡಾಲರ್ ಹಾಕಿದ್ದು ಮೈಕ್ರೋಸಾಫ್ಟ್. ಬಾಸ್ಟನ್ನಿನ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಬಿಲ್ ಗೇಟ್ಸ್ ಮುಖ ಮೂಡಿದಾಗ ಸೇಬಿನ ಭಕ್ತರು ಕೂಗೆಬ್ಬಿಸಿದರು. ಕೆಳಗೆ ನಿಂತಿದ್ದ ಜಾಬ್ಸ್ ಅವರನ್ನೇ ಸಮಾಧಾನ ಮಾಡಬೇಕಾಯಿತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಎಂದ ಮೈಕ್ರೋಸಾಫ್ಟ್, 2014ರಲ್ಲಿ ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಬಂದ ಮೇಲೆ ಲಿನಕ್ಸ್ ಎಂದರೆ ಪ್ರೀತಿ ಎಂದಿತು. 2016ರಿಂದ ವಿಂಡೋಸ್‌ನೊಳಗೇ ಲಿನಕ್ಸ್ ಓಡುತ್ತದೆ. 'ಶತ್ರುವಿನ ಕೋಟೆಯ ಮೇಲೆ ನಮ್ಮ ಬಾವುಟ' ಎಂದು ಸೀನಣ್ಣ ಹಿಗ್ಗಿದ. 'ಬಾವುಟ ಅಲ್ಲ ಗುರೂ, ನಿಮ್ಮವನು ನಮ್ಮ ಮನೇಲಿ ಬಾಡಿಗೆಗಿದ್ದಾನೆ' ಎಂದ ಕಿಟಕಿಯವನು.

ಈ ಹಿಗ್ಗಿನ ಹಿಂದೆ ಅತ್ತಿಗೆ ನನಗೆ ಗುಟ್ಟಾಗಿ ಹೇಳಿದ ಒಂದು ವಿಷಯ ಇದೆ. ಸೀನಣ್ಣನಿಗೆ ಆಫೀಸಿನಲ್ಲಿ ಕೊಟ್ಟಿರುವುದೂ ವಿಂಡೋಸ್. ಮನೆಯಲ್ಲಿ ಆ ಲ್ಯಾಪ್‌ಟಾಪ್ ತೆಗೆಯುವಾಗ ಕೋಣೆಯ ಪರದೆ ಎಳೆದುಕೊಳ್ಳುತ್ತಾನಂತೆ. ಅವನ ಫೋನಿನ ಕಥೆ ಇನ್ನೂ ಚೆನ್ನಾಗಿದೆ. ಲಿನಕ್ಸ್ ಬಳಸುವವರ ತಲೆ ಎಣಿಸುವಾಗ ಆಂಡ್ರಾಯ್ಡ್ ನಮ್ಮದೇ, ಒಳಗಿರುವುದು ಲಿನಕ್ಸ್ ಕರ್ನಲ್ ಅಲ್ಲವೇ? ಫೋನು ನಮ್ಮ ಮಾತು ಕದ್ದು ಕೇಳುತ್ತದೆ ಎಂಬ ಚರ್ಚೆ ಬಂದಾಗ ಆಂಡ್ರಾಯ್ಡ್ ನಮ್ಮದಲ್ಲ, ಅದು ಗೂಗಲ್‌ನದು.

ನೆಂಟರ ಕಂಪ್ಯೂಟರಿನ ಮೇಲೆ ಅವನ ಕಣ್ಣು ಸದಾ ಇರುತ್ತದೆ. ಸೋದರತ್ತೆಯ ಗಂಡ, ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದ ನಮ್ಮ ಮಾವ, ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಬಾಯಿ ತಪ್ಪಿ ಅಂದರು. ಅವರು ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಸೀನಣ್ಣ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದ್ದ. ವೇಗ ನಿಜಕ್ಕೂ ಬಂದಿತ್ತು. ಸಂಜೆ ಮಾವ ತಮ್ಮ ಜಮೀನಿನ ಹಳೆಯ ಪತ್ರ ತೆರೆದರು. 'ನುಡಿ' ತಂತ್ರಾಂಶದಲ್ಲಿ ಟೈಪಾಗಿದ್ದ ಪತ್ರ; ಫಾಂಟಿಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ, ಅದರ ತಲೆಗೊಂದು ಗೀಟು, ನಡುನಡುವೆ ಪೌಂಡಿನ ಚಿಹ್ನೆ.

'ಏನೋ ಸೀನಾ, ನನ್ನ ಜಮೀನು ಇಂಗ್ಲೆಂಡಿಗೆ ಹೋಯ್ತೇನೋ?'

'ಮಾವ, ಅದು ಲಿನಕ್ಸ್ ತಪ್ಪಲ್ಲ. ಹಳೇ ಫಾಂಟು. ಯೂನಿಕೋಡ್‌ನಲ್ಲಿ ಬರೆದಿದ್ರೆ ಈ ತಾಪತ್ರಯ ಇರ್ತಿರಲಿಲ್ಲ.'

'ಬರೆದೋನು ನಾನಲ್ಲಪ್ಪ, ತಹಶೀಲ್ದಾರರು. ಅವರಿಗೆ ಹೇಳಿ ಬಾ ಹೋಗು.'

ಸೀನಣ್ಣ ವಾದಿಸಲಿಲ್ಲ. ಎದುರಿಗೆ ಕೂತ ಮನುಷ್ಯನ ಜೊತೆ ವಾದಿಸುವ ಅಭ್ಯಾಸ ಅವನಿಗಿಲ್ಲ. ರಾತ್ರಿಯೆಲ್ಲ ಕೂತು ಫಾಂಟ್ ಹುಡುಕಿ ಹಾಕಿ, ಪತ್ರಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿಕೊಟ್ಟ. ಒತ್ತಕ್ಷರ ಹಾರಿಹೋದ ಕಡೆ ಕೈಯಿಂದಲೇ ತಿದ್ದಿದ. ಮಾವ ಈಗಲೂ ಲಿನಕ್ಸೇ ಬಳಸುತ್ತಾರೆ, ಅದರ ಹೆಸರು ಅವರಿಗೆ ಗೊತ್ತಿಲ್ಲ. 'ಸೀನ ಹಾಕಿಕೊಟ್ಟದ್ದು' ಎನ್ನುತ್ತಾರೆ.

2024ರ ಜುಲೈ 19, ಶುಕ್ರವಾರ, ಅವನ ಬಾಳಿನ ಸುದಿನ. ಒಂದು ಭದ್ರತಾ ತಂತ್ರಾಂಶದ ಕೆಟ್ಟ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ತಪ್ಪು ವಿಂಡೋಸ್‌ನದಲ್ಲ, ಮೇಲೆ ಕೂರಿಸಿದ್ದ ತಂತ್ರಾಂಶದ್ದು ಎಂದು ಕಿಟಕಿಯವರು ಬಡಿದುಕೊಂಡರೂ ಸೀನಣ್ಣನ ಮನೆಯಲ್ಲಿ ಅಂದು ಪಾಯಸ.

ಆದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದಾಗ ಅವನು ಹೇಳಿದ್ದರಲ್ಲಿ ತಿರುಳಿತ್ತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಇಲ್ಲವೆಂಬ ಕಾರಣಕ್ಕೆ ಗಟ್ಟಿಮುಟ್ಟಾದ ಯಂತ್ರಗಳು ಗುಜರಿಗೆ ಹೋಗುತ್ತಿವೆ. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲಿ ಪಾಠ ಮಾಡುತ್ತಿರುವಾಗ ನಮಗೇನು ಕಷ್ಟ ಎಂದು ಕೇಳಿದ. ಕೇಳಿ ಸುಮ್ಮನಾಗಲಿಲ್ಲ. ಪರಿಚಯದವರು ಎಸೆಯಲಿದ್ದ ಲ್ಯಾಪ್‌ಟಾಪ್‌ಗಳನ್ನು ಕೇಳಿ ತಂದು, ಧೂಳು ಒರೆಸಿ, ಲಿನಕ್ಸ್ ತುಂಬಿ, ಊರಿನ ಶಾಲೆಗೆ ಕೊಟ್ಟ. ಈ ಸಂಗತಿಯನ್ನು ಅವನು ಯಾವ ಜಗಳದಲ್ಲೂ ಬಳಸಿಕೊಂಡದ್ದಿಲ್ಲ. ಬಳಸಿದ್ದರೆ ಅದೊಂದರಲ್ಲೇ ಗೆಲ್ಲುತ್ತಿದ್ದ.

ಆದ್ದರಿಂದ ನಿಮ್ಮ ಮನೆಯ ಕಂಪ್ಯೂಟರ್ ಕೈಕೊಟ್ಟರೆ ನಿಮ್ಮ ಬಳಗದ ಸೀನಣ್ಣನನ್ನು ಧಾರಾಳವಾಗಿ ಕರೆಯಿರಿ. ಭಾನುವಾರವಾದರೂ ಬರುತ್ತಾನೆ, ಕಾಫಿ ಬಿಟ್ಟು ಏನನ್ನೂ ಕೇಳುವುದಿಲ್ಲ, ರಿಪೇರಿ ಮಾಡಿಯೇ ಏಳುತ್ತಾನೆ. ಯಾವ ಓ.ಎಸ್. ಒಳ್ಳೆಯದು ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳಬೇಡಿ. ಮತ್ತೆ, ಅವನು ಬಂದು ಹೋಗುವವರೆಗೆ ಮನೆಯಲ್ಲಿ ಯಾರೂ ಮಧ್ಯಾಹ್ನ ಮಲಗಬೇಡಿ.