ಲೇಖನೀಭಂಗ ಮೀಮಾಂಸೆ

ಅಥಾತೋ ಬಿರುಕುಜಿಜ್ಞಾಸಾ. ಬಿರುಕು ಕನ್ನಡ, ಜಿಜ್ಞಾಸೆ ಸಂಸ್ಕೃತ. ಇದು ಅರಿಸಮಾಸವಾಯಿತಲ್ಲ ಎಂದು ವೈಯಾಕರಣರು ಮೂಗು ಮುರಿಯಬಹುದು. ಮುರಿಯಲಿ. ಪೆನ್ನಿನ ಯಜಮಾನನಿಗೂ ರಿಪೇರಿಯವನಿಗೂ ನಡುವೆ ಈಗ ಉಳಿದಿರುವುದು ಅರಿತ್ವವೊಂದೇ. ಸಮಾಸವೂ ಅದೇ ಇರಲಿ.

ಈ ಶಾಸ್ತ್ರಕ್ಕೆ ವಿಷಯ: ಪೆನ್ನಿನ ಮೂತಿಯ ಮೇಲೆ ಅರ್ಧ ಅಂಗುಲ ಉದ್ದದ ಸೀಳು. ಪ್ರಯೋಜನ: ಇಲ್ಲ. ಅಧಿಕಾರಿ: ಹಳೆಯ ಪೆನ್ನನ್ನು ಅಂಗಡಿಗೆ ಕೊಟ್ಟು, ‘ನಾಳೆ ಬನ್ನಿ’ ಎಂಬ ಮಹಾವಾಕ್ಯವನ್ನು ಐದು ಸಲವಾದರೂ ಶ್ರವಣ ಮಾಡಿದವನು. ಮನನ, ನಿದಿಧ್ಯಾಸನಗಳು ವಾಪಸು ಬರುವ ಬಸ್ಸಿನಲ್ಲಿ ತಾವಾಗಿಯೇ ಆಗುತ್ತವೆ.

ಇನ್ನು ಧರ್ಮಿಯ ಲಕ್ಷಣ. ಪೆನ್ನು ಪಾರ್ಕರ್ 51, ತಂದೆಯಿಂದ ಬಂದದ್ದು. ಅಮೆರಿಕದ ಜೇನ್ಸ್‌ವಿಲ್‌ನಲ್ಲಿ 1888ರಲ್ಲಿ ಹುಟ್ಟಿದ ಕಂಪನಿ ತನ್ನ 51ನೇ ವರ್ಷದಲ್ಲಿ ರೂಪಿಸಿದ್ದರಿಂದ ಆ ಹೆಸರು. ಮಾರುಕಟ್ಟೆಗೆ ಬಂದದ್ದು 1941ರಲ್ಲಿ, ನಿಂತದ್ದು 1972ರಲ್ಲಿ. ಕಾಗದದ ಮೇಲೆ ತಟ್ಟನೆ ಒಣಗುವ ಶಾಯಿಗೆಂದೇ ಕಟ್ಟಿದ ಪೆನ್ನಿದು. ಆ ಶಾಯಿ ಎಂಥ ಕ್ಷಾರವೆಂದರೆ ಅಂದಿನ ಪೆನ್ನುಗಳ ಸೆಲ್ಯುಲಾಯ್ಡನ್ನೇ ತಿಂದುಹಾಕುತ್ತಿತ್ತು. ಹಾಗಾಗಿ ಲೂಸೈಟ್ ಎಂಬ ಅಕ್ರಿಲಿಕ್ ಮೈ. ನಿಬ್ಬು ಒಣಗದಿರಲೆಂದು ತಲೆಗೊಂದು ಮುಸುಕು. ಮುಸುಕಿನೊಳಗೆ ಚಿನ್ನದ ನಿಬ್ಬು ಹೊಸ ಸೊಸೆಯಂತೆ ಮೂಗಿನ ತುದಿಯನ್ನಷ್ಟೇ ತೋರಿಸುತ್ತದೆ. ಇದೇ ಲೂಸೈಟನ್ನು ಎರಡನೇ ಮಹಾಯುದ್ಧದ ವಿಮಾನಗಳ ಕಿಟಕಿಗೂ ಬಳಸಿದರು. ಯುದ್ಧಕ್ಕೆ ಹೋಗಿಬಂದ ವಸ್ತು ನಮ್ಮೂರಿನ ಇಕ್ಕಳಕ್ಕೆ ಸೋತಿತು.

ರೋಗವೇನು ದೊಡ್ಡದಲ್ಲ. ಬೆಳಿಗ್ಗೆ ಮೊದಲ ಅಕ್ಷರ ಮೂಡುತ್ತಿರಲಿಲ್ಲ. ಅಂದರೆ ಒಳಗೆ ಶಾಯಿ ಗಟ್ಟಿಯಾಗಿತ್ತು. ಮೂತಿಯನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದ್ದರೆ ಸಾಕಿತ್ತು. ಬಿಚ್ಚಲೇಬೇಕೆಂದರೂ, ಮುಸುಕನ್ನು ಅರಗಿನಂಟಿನಿಂದ ಕೂರಿಸಿರುತ್ತಾರೆ. ಹದವಾದ ಒಣಶಾಖ ಕೊಟ್ಟು ಬೆರಳಲ್ಲೇ ಮೆಲ್ಲಗೆ ತಿರುಗಿಸಬೇಕು. ಆದರೆ ಅರಗು ಎಂದ ಕೂಡಲೇ ಬೆಂಕಿ ಹಚ್ಚಬೇಕೆನ್ನುವ ಪುರೋಚನನ ಪರಂಪರೆ ಇನ್ನೂ ಮುಗಿದಿಲ್ಲ. ಸಿಗರೇಟು ಲೈಟರಿನ ಶಾಖ, ಅದರ ಮೇಲೆ ಇಕ್ಕಳ, ಕೊನೆಗೆ ಸ್ಪಿರಿಟ್ಟಿನಲ್ಲಿ ಒರೆಸುವ ಉಪಚಾರ. ಸ್ಪಿರಿಟ್ಟು ತಾಗಿದರೆ ಬಿಗಿತದಲ್ಲಿರುವ ಅಕ್ರಿಲಿಕ್ಕಿನ ಮೇಲೆ ಜೇಡರ ಬಲೆಯಂಥ ಗೆರೆಗಳೇಳುತ್ತವೆ. ಎದ್ದವು.

ಪ್ರಮಾಣ? ಹೊಗೆ ಕಂಡಲ್ಲಿ ಬೆಂಕಿ, ಹಲ್ಲಿನ ಗುರುತು ಕಂಡಲ್ಲಿ ಇಕ್ಕಳ. ದೃಷ್ಟಾಂತವೂ ಮೇಜಿನ ಮೇಲೆಯೇ ಬಾಯಿ ತೆರೆದು ಮಲಗಿತ್ತು.

ಇಲ್ಲಿ ಪೂರ್ವಪಕ್ಷ. ರಿಪೇರಿಯವನ ಮೊದಲ ಮಾತು: “ಕ್ರ್ಯಾಕು ಮೊದ್ಲೇ ಇತ್ತು ಸಾರ್, ಒಳಗಿತ್ತು, ಈಗ ಕಾಣ್ತಿದೆ.” ಇದು ಶುದ್ಧ ಸಾಂಖ್ಯರ ಸತ್ಕಾರ್ಯವಾದ. ಎಣ್ಣೆ ಎಳ್ಳಿನಲ್ಲಿ ಮೊದಲೇ ಇದ್ದಂತೆ ಸೀಳೂ ಪೆನ್ನಿನಲ್ಲಿ ಅವ್ಯಕ್ತವಾಗಿತ್ತು. ಇಕ್ಕಳ ಕೇವಲ ಅಭಿವ್ಯಕ್ತಿಗೊಳಿಸಿತು. ನಾನು ಹುಟ್ಟಿನಿಂದ ನೈಯಾಯಿಕನಲ್ಲ, ಆ ಗಳಿಗೆಯಲ್ಲಿ ಆದೆ. ಕೊಡುವಾಗ ಸೀಳಿಗೆ ಇದ್ದದ್ದು ಪ್ರಾಗಭಾವ, ಈಗ ನನ್ನ ಪೆನ್ನಿಗೆ ಆಗಿರುವುದು ಪ್ರಧ್ವಂಸಾಭಾವ ಎಂದು ವಾದಿಸಿದೆ. ಅವನು ಕೂಡಲೇ ಮತಾಂತರಗೊಂಡ: “ಅದು ಕ್ರ್ಯಾಕೇ ಅಲ್ಲ ಸಾರ್, ಬೆಳಕಿಗೆ ಹಂಗೆ ಕಾಣತ್ತೆ.” ಹಗ್ಗದಲ್ಲಿ ಹಾವು. ಅಷ್ಟರಲ್ಲಿ ಶಾಯಿ ಜಿನುಗಿ ಹೆಬ್ಬೆರಳು ನೀಲಿಯಾಯಿತು. ಹಗ್ಗ ಕಚ್ಚಿತು ಎಂದೆ. ಒಂದೇ ಕೌಂಟರಿನ ಹಿಂದೆ ಎರಡು ದರ್ಶನಗಳನ್ನು ಇಷ್ಟು ಸಲೀಸಾಗಿ ಬದಲಿಸಿದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕಡೆಗೆ ಡ್ರಾಯರಿನಿಂದ ಒಂದು ಹೀರೋ ಪೆನ್ನು ತೆಗೆದು, “ಇದೂ ಅದೇ ಥರ, ಇಟ್ಕೊಳಿ” ಎಂದ. ಥರವೇನೋ ಅದೇ, ಚೀನಾದಲ್ಲಿ ಪಾರ್ಕರ್ 51ನ್ನು ನೋಡಿಕೊಂಡೇ ಮಾಡಿದ್ದು. ಅನ್ಯೋನ್ಯಾಭಾವಕ್ಕೆ ಇನ್ನು ಮುಂದೆ ಘಟಪಟಗಳ ಉದಾಹರಣೆ ಬೇಕಿಲ್ಲ.

ತರ್ಕ ಕೈಕೊಟ್ಟಾಗ ಧರ್ಮಶಾಸ್ತ್ರ. ಮನುವಿನ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪಕ್ಕೆ ಎರಡನೇ ಸ್ಥಾನ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಇಟ್ಟ ವಸ್ತು ರಾಜನಿಂದ, ದೈವದಿಂದ, ಕಳ್ಳರಿಂದ ಹೋದರೆ ಇಟ್ಟುಕೊಂಡವನು ತೆರಬೇಕಿಲ್ಲ. ನಾರದನು ಈ ವಿಧಿಯನ್ನು ಶಿಲ್ಪಿಯ ಕೈಗೆ ಕೊಟ್ಟ ವಸ್ತುವಿಗೂ ಹಬ್ಬಿಸುತ್ತಾನೆ. ಯಾಜ್ಞವಲ್ಕ್ಯನಿಗೆ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕೂತು ಬರೆದವನು. ಅವನದು ಕಂಟವಾಗಿದ್ದೀತು, ಲೂಸೈಟ್ ಅಲ್ಲ. ಇಕ್ಕಳ ರಾಜನಲ್ಲ, ಕಳ್ಳನೂ ಅಲ್ಲ ಎಂದು ನಾನು ಪಟ್ಟು ಹಾಕುತ್ತಿದ್ದಂತೆ ರಿಪೇರಿಯವನು ನಿಟ್ಟುಸಿರಿಟ್ಟ: “ಏನ್ ಮಾಡೋದು ಸಾರ್, ನಿಮ್ ಟೈಮ್ ಸರಿ ಇರ್ಲಿಲ್ಲ.” ದೈವಿಕ! ಸ್ಮೃತಿ ಓದದೆಯೇ ಸರಿಯಾದ ಅಪವಾದಕ್ಕೆ ಕೈಹಾಕಿದ್ದ.

ಉಳಿದದ್ದು 1872ರ ಭಾರತೀಯ ಕರಾರು ಕಾಯ್ದೆ. ಅದರ 151ನೇ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿಗೆ ತೋರುವಷ್ಟು ಎಚ್ಚರವನ್ನು ಪರರ ವಸ್ತುವಿಗೂ ತೋರಬೇಕು. ನಿನ್ನ ಸ್ವಂತ ಪೆನ್ನಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದು ಕೇಳಿದೆ. ಅವನ ಸ್ವಂತ ಪೆನ್ನು ಕಿವಿಯ ಸಂದಿಯಲ್ಲಿತ್ತು. ಬಾಲ್‌ಪೆನ್ನು. ಹಿಂದುಗಡೆ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದ. ನನ್ನ ಪೆನ್ನಿಗೂ ಅವನು ಕಿಂಚಿತ್ತೂ ಪಕ್ಷಪಾತ ತೋರಿರಲಿಲ್ಲ. ಅವನು ಸಾಮಾನ್ಯ ವಿವೇಕಿಯೇ ಎಂಬುದು ಬೇರೆ ಅಧಿಕರಣ.

ಪೆನ್ನು ಕೊಡಪ್ಪ, ಹೋಗುತ್ತೇನೆ ಎಂದೆ. ನೂರೈವತ್ತು ರೂಪಾಯಿ ಎಂದ. ಯಾತಕ್ಕೆ? ರಿಪೇರಿಗೆ. ಅದೇ ಕಾಯ್ದೆಯ 170ನೇ ಕಲಮು ನೆನಪಾಗಿ ನನ್ನ ಬಾಯಿ ಕಟ್ಟಿತು: ವಸ್ತುವಿನ ಮೇಲೆ ಶ್ರಮವನ್ನಾಗಲಿ ಕೌಶಲವನ್ನಾಗಲಿ ವಹಿಸಿದವನು ಕೂಲಿ ಸಲ್ಲುವವರೆಗೆ ಅದನ್ನು ತಡೆಹಿಡಿಯಬಹುದು. ಒಪ್ಪಿಕೊಂಡಂತೆ ಕೆಲಸ ಮುಗಿದಿದ್ದರೆ ಎಂಬ ಷರತ್ತೂ ಅಲ್ಲಿದೆ. ಅದನ್ನು ಎತ್ತುವ ಮೊದಲೇ, ಕೌಶಲವೆಲ್ಲಿದೆಯಯ್ಯಾ ಎಂದುಬಿಟ್ಟೆ. “ಎರಡು ದಿನ ತಿರುಗ್ಸಿದೀನಿ ಸಾರ್, ಕೈ ನೋಡಿ” ಎಂದು ಅಂಗೈಯ ಬೊಬ್ಬೆ ತೋರಿಸಿದ.

ದುಡ್ಡು ಎಣಿಸಿ, ರಸೀದಿಯಾದರೂ ಕೊಡು ಎಂದೆ. ಕಿವಿಯಿಂದ ಬಾಲ್‌ಪೆನ್ನು ತೆಗೆದು ಮೂರು ಸಲ ಗೀಚಿದ, ಮೂಡಲಿಲ್ಲ. ಊದಿ, ಒದರಿ ಮತ್ತೆ ಗೀಚಿದ. ಆಮೇಲೆ ನನ್ನ ಜೇಬಿನ ಕಡೆ ನೋಡಿದ.

“ಪೆನ್ ಇದ್ಯಾ ಸಾರ್?”